ಸುಮ್ನೆ ಬೈಗುಳ ಅಂದುಬಿಟ್ಟರೆ ಆಯ್ತಾ?

ಅಮೆರಿಕದ ಲಾಸ್ ಏಂಜಲೀಸ್ ಕಡೆಯ ಕಪ್ಪು ಹುಡುಗರ ರ‍್ಯಾಪ್ ತಂಡ ಎನ್‌ಡಬ್ಲ್ಯುಎ ಹಾಡುಗಳಲ್ಲಿ ಬರೀ ಬೈಗುಳ, ನೀತಿ ಗೀತಿ ಏನೂ ಇಲ್ಲ ಅಂತ ಬರೆದಿದ್ದೀರಿ. ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ ಸಾರ್. ಅವರ ಆಲ್ಬಂ ಬರುವ ಹೊತ್ತಿಗೆ, 1988ರ ಏಪ್ರಿಲ್ ತಿಂಗಳ ಒಂದೇ ವಾರಾಂತ್ಯದಲ್ಲಿ ಲಾಸ್ ಏಂಜಲೀಸ್ ಪೊಲೀಸರು ಸಾವಿರಕ್ಕೂ ಜಾಸ್ತಿ ಜನರನ್ನು ಹಿಡಿದು ಒಳಗೆ ಹಾಕಿದ್ದರು, ಅದರಲ್ಲಿ ಕಪ್ಪು ಹುಡುಗರೇ ಎಷ್ಟೋ ಮಂದಿ. ಆ ಆಲ್ಬಂನಲ್ಲಿ ಪೊಲೀಸರನ್ನು ಬೈಯುವ ಹಾಡನ್ನು ಪೂರ್ತಿ ಕೇಳಿ, ಅದು ಕೋರ್ಟ್ ಸೀನ್! ತಂಡದ ಡಾ. ಡ್ರೆ ಜಡ್ಜ್, ಉಳಿದವರು ಒಬ್ಬೊಬ್ಬರಾಗಿ ಸಾಕ್ಷಿ ಹೇಳುತ್ತಾರೆ, ಕಟಕಟೆಯಲ್ಲಿ ನಿಂತಿರುವುದು ಪೊಲೀಸ್. ನಿಜವಾದ ಕೋರ್ಟಲ್ಲಿ ಸಿಗದ ನ್ಯಾಯ ಅದು, ಅಲ್ವಾ? 1989ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಅಧಿಕಾರಿಯೊಬ್ಬರು ಈ ಹಾಡಿನ ಬಗ್ಗೆ ಅವರ ರೆಕಾರ್ಡ್ ಕಂಪನಿಗೆ ಆಕ್ಷೇಪದ ಪತ್ರ ಬರೆದರು. 1991ರಲ್ಲಿ ರಾಡ್ನಿ ಕಿಂಗ್ ಅನ್ನುವ ಕಪ್ಪು ಮನುಷ್ಯನಿಗೆ ಲಾಸ್ ಏಂಜಲೀಸ್ ಪೊಲೀಸರು ಬಡಿಯುವ ವಿಡಿಯೊ ಟಿವಿಯಲ್ಲಿ ಬಂತು, ಆಮೇಲೆ ಈ ಹುಡುಗರು ಹೇಳಿದ್ದು ಸುಳ್ಳು ಅನ್ನುವುದು ಕಷ್ಟವಾಯಿತು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಮಾತ್ರ ನಾನೂ ಅವರ ಪರ ನಿಲ್ಲುವುದಿಲ್ಲ. ಹಾಡಿನ ಕೊಳಕು ಮಾತು ಹಾಗಿರಲಿ, ಅದೇ 1991ರಲ್ಲಿ ಡ್ರೆ ಪತ್ರಕರ್ತೆ ಡೀ ಬಾರ್ನ್ಸ್ ಮೇಲೆ ಪಾರ್ಟಿಯೊಂದರಲ್ಲಿ ಕೈ ಮಾಡಿದ. ತಾನು ನೋಯಿಸಿದ ಹೆಂಗಸರಿಗೆ ಬಹಿರಂಗವಾಗಿ ಕ್ಷಮೆ ಕೇಳಿದ್ದು 2015ರಲ್ಲಿ. ನಿಮ್ಮ ಲೇಖನದಲ್ಲಿ ಬೈಗುಳಕ್ಕೆ ಎರಡು ಪ್ಯಾರಾ ಇದೆ, ಈ ಹೊಡೆತಕ್ಕೆ ಒಂದು ಸಾಲೂ ಇಲ್ಲ.