ನಿಮಿಷಕ್ಕೊಂದು ರೇಟು

ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಕ್ಯಾಬ್ ನೋಡಿದ್ರೆ ನನ್ ಫೋನಲ್ಲಿ 260, ಪಕ್ಕದಲ್ಲೇ ನಿಂತಿರೋ ಹೆಂಡ್ತಿ ಫೋನಲ್ಲಿ 315, ಸರಿ ನನ್ನದ್ರಲ್ಲೇ ಮಾಡೋಣ ಅಂತ ಒತ್ತೋಷ್ಟ್ರಲ್ಲಿ 348! ರೀ, ನಾನು ಮನೆಗೆ ಹೋಗ್ತಿರೋದು, ಶೇರು ಖರೀದಿಗಲ್ಲ. ಕೇಳಿದ್ರೆ ‘ಡಿಮ್ಯಾಂಡ್ ಜಾಸ್ತಿ ಇದೆ’ ಅಂತೆ. ಎರಡು ಹನಿ ಮಳೆ ಬಿದ್ರೆ ಡಿಮ್ಯಾಂಡು, ಆಫೀಸ್ ಬಿಟ್ರೆ ಡಿಮ್ಯಾಂಡು, ನನ್ ಫೋನ್ ಬ್ಯಾಟರಿ ಕೆಂಪಾದ್ರೂ ಡಿಮ್ಯಾಂಡೇನೋ ಅಂತ ನಂಗಂತೂ ಡೌಟು. 2024ರ ಫೆಬ್ರವರಿಲೇ ಸರ್ಕಾರ ಆದೇಶ ಹೊರಡಿಸ್ತಲ್ಲ, 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿಲೋಮೀಟರ್‌ಗೆ 100 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 24, ಆಪ್ ಗಾಡಿಗೂ ಅಷ್ಟೇ ಅಂತ, ಅದನ್ನ ಹೇಳಿದ್ದು ಯಾರಿಗೆ, ಗೋಡೆಗಾ?

ಇದು ಸಾಲ್ದು ಅಂತ ಗಾಡಿ ಹತ್ತೋಕ್ ಮುಂಚೇನೇ ಟಿಪ್ ಬೇರೆ, 30, 50, 70 ಅಂತ ಬಟನ್ನು. ಮಂತ್ರ ಶುರು ಮಾಡೋಕ್ ಮುಂಚೆ ದಕ್ಷಿಣೆ ಕೇಳೋ ಪುರೋಹಿತ್ರನ್ನ ಎಲ್ಲಾದ್ರೂ ನೋಡಿದೀರಾ? ಇಷ್ಟೆಲ್ಲಾ ಆಗಿ ಗಾಡಿ ಬಂದ್ರೆ (ಬಂದ್ರೆ!) ಡ್ರೈವರ್ ಅಣ್ಣ ಕಿಟಕಿ ಇಳಿಸಿ ‘ಸಾರ್, ನಿಮ್ಗೆಷ್ಟು ತೋರಿಸ್ತಿದೆ?’ ಅಂತ ನನ್ನೇ ಕೇಳ್ತಾರೆ. ಅವ್ರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ, ಮತ್ತೆ ಈ ರೇಟು ಗೊತ್ತಿರೋದಾದ್ರೂ ಯಾರಿಗ್ರೀ?