ತದಡಿಗೆ ಇಳಿತದ ಹೊತ್ತಿಗೆ ಹೋಗಿ

ಗೋಕರ್ಣಕ್ಕೆ ಹೋದವರು ಓಂ ಬೀಚ್, ಕುಡ್ಲೆ ಬೀಚ್ ನೋಡಿ ವಾಪಸ್ ಹೊರಡುತ್ತಾರೆ. ಅಲ್ಲೇ ಹತ್ತಿರ ತದಡಿ ಇದೆ. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿರುವ ಮೀನುಗಾರರ ಊರು. ಅಲ್ಲಿಗೆ ಹೋದ ಕೆಲವರು "ನೀರೇ ಇರಲಿಲ್ಲ, ಬರೀ ಕೆಸರು" ಅಂತ ಹೇಳಿದ್ದನ್ನು ಕೇಳಿದ್ದೇನೆ. ನನಗೆ ಆ ಕೆಸರಿನ ಮೇಲೇ ಜಾಸ್ತಿ ಪ್ರೀತಿ.

ಕಳೆದ ಸಲ ಇಳಿತದ ಹೊತ್ತಿಗೆ ಹೋಗಿ ದಡದಲ್ಲಿ ಸುಮ್ನೆ ಕೂತಿದ್ದೆ. ಒಂದು ಸಣ್ಣ ದೋಣಿ ಕೆಸರಿನ ಮೇಲೆ ಒಂದು ಬದಿಗೆ ವಾಲಿ ಮಲಗಿತ್ತು. ಕಟ್ಟಿದ ಹಗ್ಗ ಸಡಿಲವಾಗಿ ನೆಲಕ್ಕೆ ಬಿದ್ದಿತ್ತು. ಸ್ವಲ್ಪ ಆಚೆ, ಮೊಣಕಾಲು ನೀರಲ್ಲಿ ಹೆಂಗಸರು ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಹೆಕ್ಕುತ್ತಿದ್ದರು. ಒಬ್ಬರು ಪಾದದಿಂದ ಮರಳು ತಡವಿ, ಬಗ್ಗಿ ಕೈ ಹಾಕಿ, ಮುಷ್ಟಿ ತುಂಬ ಎತ್ತಿದರು. ನೀರಲ್ಲೇ ಎರಡು ಸಲ ಜಾಲಾಡಿಸಿ ಪಾತ್ರೆಗೆ ಹಾಕಿದರು.

"ಕಾಲಲ್ಲೇ ಗೊತ್ತಾಗ್ತದಾ ಅಕ್ಕಾ?" ಅಂದೆ.

"ಗೊತ್ತಾಗ್ತದೆ ತಂಗಿ. ಕಲ್ಲು ಬೇರೆ, ಬಳಚು ಬೇರೆ."

ಸಂಜೆ ಆ ಬಳಚು ಕಾಯಿ ಹಾಕಿ ಮಾಡಿದ ಸುಕ್ಕ ಆಗುತ್ತದೆ. ಚಿಪ್ಪು ಸುಟ್ಟರೆ ಸುಣ್ಣ.

ಶಿರಸಿ ಕಡೆ ಹುಟ್ಟುವ ಈ ಹೊಳೆಗೆ ದಾರಿಯುದ್ದಕ್ಕೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಸಿಹಿನೀರು, ಮಣ್ಣು ನೇರ ಇಲ್ಲಿಗೆ ಬರುತ್ತದೆ. ದಿನಕ್ಕೆ ಎರಡು ಸಲ ಸಮುದ್ರ ಒಳಗೆ ಬಂದು ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಭರತ (ಉಬ್ಬರ) ಇನ್ನೂ ಜೋರು. ಅಳಿವೆ ಪಕ್ಕದ ತಗ್ಗಿನ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತದ ತಳಿ ಬೆಳೆಯುವುದೂ ಈ ಉಪ್ಪು ನೀರನ್ನು ತಡೆದುಕೊಂಡೇ. ಸಿಗಡಿ, ಏಡಿ, ಕೊಕ್ಕರೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಎಲ್ಲಕ್ಕೂ ಈ ಕೆಸರೇ ಆಧಾರ ಅಲ್ವಾ?

ಇಲ್ಲಿ ದೊಡ್ಡ ವಿದ್ಯುತ್ ಸ್ಥಾವರದ ಮಾತು ಬಂತು, ದೊಡ್ಡ ಬಂದರಿನ ಮಾತೂ ಬಂತು. ಊರಿನವರು ವಿರೋಧಿಸಿದರು. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದಾಗ ನನಗೆ ತುಂಬಾ ಖುಷಿಯಾಗಿತ್ತು. ಬಂದರು ಬೇಡ ಅನ್ನುತ್ತಿಲ್ಲ, ಮೀನು ಇಳಿಸಲು ಬಂದರು ಬೇಕೇ ಬೇಕು. ಆದರೆ ಹಡಗಿಗಾಗಿ ಅಳಿವೆಯ ತಳವನ್ನೇ ತೋಡಿ ಆಳ ಮಾಡಿದರೆ ಆ ಅಕ್ಕ ಕಾಲಿಡುವುದು ಎಲ್ಲಿ?

ಹೋಗುವುದಾದರೆ ಭರತ-ಇಳಿತದ ಹೊತ್ತು ಕೇಳಿಕೊಂಡು ಹೋಗಿ. ಅರ್ಧ ದಿನ ಇಟ್ಟುಕೊಳ್ಳಿ. ನಾನು ಏಳುವ ಹೊತ್ತಿಗೆ ನೀರು ತಿರುಗಿತ್ತು. ಹೆಂಗಸರು ಪಾತ್ರೆ ಹೊತ್ತು ದಡ ಹತ್ತಿದ್ದರು. ವಾಲಿದ್ದ ದೋಣಿಯ ಅಡಿಗೆ ನೀರು ನುಗ್ಗಿ, ಅದು ಒಮ್ಮೆ ಅಲುಗಾಡಿ, ನಿಧಾನಕ್ಕೆ ನೆಟ್ಟಗಾಯಿತು.