ಸತ್ಯಾಂಶ: ಗರ್ಭಿಣಿ ಹೆದರಿದರೆ ಮಗುವಿಗೆ ಅಪಾಯವೇ?

ಸಾಂಕ್ರಾಮಿಕ ರೋಗ ಹಬ್ಬಿದಾಗಲೆಲ್ಲ ಒಂದು ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ: "ಗರ್ಭಿಣಿ ಹೆದರಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಕುತ್ತು. ರೋಗದ ಸುದ್ದಿ ಅವಳ ಕಿವಿಗೆ ಬೀಳದಿರಲಿ, ತಪಾಸಣೆಗೂ ಕಳಿಸಬೇಡಿ." ಕಳಿಸುವವರ ಕಾಳಜಿ ನಿಜವೇ. ಸಂದೇಶ ಮಾತ್ರ ತಪ್ಪು.

ಇಂಥ ಹೊತ್ತಿನಲ್ಲಿ ಆತಂಕ ಸಹಜ. ಕೋವಿಡ್ ಕಾಲದಲ್ಲಿ ಹಲವು ದೇಶಗಳ ಅಧ್ಯಯನಗಳಲ್ಲಿ ಗರ್ಭಿಣಿಯರ ಆತಂಕ ಹೆಚ್ಚಿದ್ದು ಕಂಡುಬಂತು. ಸುದ್ದಿ ಕೇಳಿ ಎದೆ ಡವಡವ ಎಂದರೆ, ಒಂದೆರಡು ರಾತ್ರಿ ನಿದ್ದೆ ಬಾರದಿದ್ದರೆ ಮಗುವಿಗೆ ಹಾನಿ ಎನ್ನಲು ಆಧಾರವಿಲ್ಲ. ತೀವ್ರ ಆತಂಕ ಬಹುಕಾಲ ಉಳಿದರೆ ಅವಧಿಗೆ ಮುನ್ನ ಹೆರಿಗೆಯಾಗುವ ಸಾಧ್ಯತೆ ತುಸು ಹೆಚ್ಚಬಹುದು, ಅದಕ್ಕೆ ಚಿಕಿತ್ಸೆಯಿದೆ. "ಹೆದರಬೇಡ, ಮಗುವಿಗೆ ಕೆಟ್ಟದ್ದು" ಎಂಬ ಮಾತು ಭಯ ಕಳೆಯುವುದಿಲ್ಲ, ಅದರ ಮೇಲೆ ತಪ್ಪಿತಸ್ಥ ಭಾವವನ್ನೂ ಹೇರುತ್ತದೆ.

ದೊಡ್ಡ ಅಪಾಯವಿರುವುದು ತಪಾಸಣೆ ತಪ್ಪಿಸುವುದರಲ್ಲಿ. ಗರ್ಭಾವಧಿಯಲ್ಲಿ ಕನಿಷ್ಠ 8 ಭೇಟಿಗಳಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ. ರಕ್ತದೊತ್ತಡ 140/90 ದಾಟಿದರೂ ಎಷ್ಟೋ ಸಲ ಯಾವ ಲಕ್ಷಣವೂ ಕಾಣದು, ಅಳೆದಾಗಲೇ ತಿಳಿಯುವುದು. ಸೋಂಕಿನ ಅಂಜಿಕೆಯಿದ್ದರೆ ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ, ಮಾಸ್ಕ್ ಧರಿಸಿ ಹೋಗಿ. ಜ್ವರ, ರಕ್ತಸ್ರಾವ, ತೀವ್ರ ತಲೆನೋವು, ಮಗುವಿನ ಚಲನೆ ಕಡಿಮೆಯಾದಂತೆ ಅನಿಸುವುದು: ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ.

ಸುದ್ದಿ ಮುಚ್ಚಿಟ್ಟರೆ ಊಹೆಗಳು ಬೆಳೆಯುತ್ತವೆ. ಅವಳ ಪ್ರಶ್ನೆಗಳಿಗೆ ಕಿವಿಗೊಡಿ. ಎರಡು ವಾರ ಕಳೆದರೂ ಚಿಂತೆ ತಗ್ಗದೆ ಊಟ, ನಿದ್ದೆ ಕೆಟ್ಟಿದ್ದರೆ ವೈದ್ಯರಿಗೆ ಹೇಳಿ. ಆತಂಕಕ್ಕೆ ಈಗಾಗಲೇ ಮಾತ್ರೆ ನುಂಗುತ್ತಿದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ.